ಬಂಕರಿನಿಂದ ತಾಲ್ಲೂಕು ಕಚೇರಿಯವರೆಗೆ: ಯೋಧನ ಆರೋಗ್ಯದ ಹೊಣೆ

2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯ ಸೋನಂ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು, ಸುಮಾರು 19,600 ಅಡಿ ಎತ್ತರದಲ್ಲಿ ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಆರನೆಯ ದಿನ ಉಸಿರಿನೊಂದಿಗೆ ಸಿಕ್ಕವರು ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಒಬ್ಬರೇ. ಅವರೂ ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ವಾರ ಕನ್ನಡನಾಡು ಆಡಿದ್ದೆಲ್ಲ ಶೌರ್ಯದ ಮಾತು, ಪ್ರಾರ್ಥನೆಯ ಮಾತು. ಅದು ಸಹಜವೇ, ಸಲ್ಲಬೇಕಾದದ್ದೇ. ಆದರೆ ಆ ಹತ್ತು ಮಂದಿಯನ್ನು ಕೊಂದದ್ದು ಶತ್ರುವಿನ ಗುಂಡಲ್ಲ. 2003ರ ನವೆಂಬರಿನ ಕದನ ವಿರಾಮದ ಮೇಲೆ ಆ ಹಿಮನದಿಯಲ್ಲಿ ಎರಡೂ ಕಡೆಯ ಬಂದೂಕುಗಳು ಹೆಚ್ಚುಕಡಿಮೆ ಮೌನವಾಗಿವೆ. ಆದರೂ 1984ರ ಏಪ್ರಿಲಿನಲ್ಲಿ ನಮ್ಮ ಸೇನೆ ಅಲ್ಲಿಗೆ ಹತ್ತಿದಂದಿನಿಂದ 2015ರ ಕೊನೆಯವರೆಗೆ ಹವಾಮಾನ ಮತ್ತಿತರ ಕಾರಣಗಳಿಂದ 869 ಮಂದಿ ಸತ್ತಿದ್ದಾರೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತ್ತು. ಈ ಸಾವುಗಳನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂಬುದೇ ಇಂದಿನ ಉಪನ್ಯಾಸದ ವಿಷಯ. ನನ್ನ ವಾದ ಇಷ್ಟು: ಸೈನಿಕನ ಆರೋಗ್ಯ ವೈದ್ಯರ ಕೈ ಸೇರುವುದಕ್ಕೆ ಎಷ್ಟೋ ಮೊದಲೇ ಬೇರೆಯವರ ಕೈಯಲ್ಲಿ ತೀರ್ಮಾನವಾಗಿರುತ್ತದೆ. ಬೂಟಿನ ಟೆಂಡರು ಕರೆಯುವವರು, ರಜೆಯ ಅರ್ಜಿಗೆ ಸಹಿ ಹಾಕುವವರು, ಅವನ ಊರಿನಲ್ಲಿ ಅವನ ಪಹಣಿ ತಿದ್ದುವವರು ಇವರೆಲ್ಲ ಅವನ ವೈದ್ಯರೇ. ಆ ಹೊಣೆ ತಮ್ಮದೆಂದು ಅವರಿಗೆ ಗೊತ್ತಿಲ್ಲ. ಗೊತ್ತು ಮಾಡಿಸುವ ಕೆಲಸವನ್ನು ನಾವೂ ಮಾಡಿಲ್ಲ.

ಈ ವಾದಕ್ಕೆ ಇತಿಹಾಸದ ಬೆಂಬಲ ಧಾರಾಳವಾಗಿದೆ. 1853ರಿಂದ 1856ರವರೆಗಿನ ಕ್ರಿಮಿಯಾ ಯುದ್ಧದಲ್ಲಿ ಸತ್ತ ಬ್ರಿಟಿಷ್ ಸೈನಿಕರು ಸುಮಾರು 21,000. ಅವರಲ್ಲಿ 16,000ಕ್ಕೂ ಹೆಚ್ಚು ಮಂದಿಯನ್ನು ಕೊಂದದ್ದು ಕಾಲರಾ, ಆಮಶಂಕೆ, ವಿಷಮಜ್ವರದಂಥ ರೋಗಗಳು. ಸ್ಕುಟಾರಿಯ ಆಸ್ಪತ್ರೆಯಲ್ಲಿ 1855ರ ಫೆಬ್ರವರಿಯಲ್ಲಿ ನೂರಕ್ಕೆ ನಲವತ್ತೆರಡರಷ್ಟಿದ್ದ ಸಾವು ಕೆಲವೇ ತಿಂಗಳಲ್ಲಿ ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು. ಅಲ್ಲಿ ಕೆಲಸ ಮಾಡಿದ ಫ್ಲಾರೆನ್ಸ್ ನೈಟಿಂಗೇಲ್ ಹೆಸರು ಕೇಳಿದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕೈಯಲ್ಲಿ ದೀಪ ಹಿಡಿದ ದಾದಿ. ಆದರೆ ಆ ಇಳಿಕೆಗೆ ಮುಖ್ಯ ಕಾರಣ, ಲಂಡನ್ನಿನಿಂದ ಬಂದ ನೈರ್ಮಲ್ಯ ಆಯೋಗ ಆಸ್ಪತ್ರೆಯಡಿಯ ಕೊಳೆತ ಚರಂಡಿಗಳನ್ನು ತೊಳೆಸಿ, ಗಾಳಿಗೆ ದಾರಿ ಮಾಡಿ, ನೀರನ್ನು ಶುಚಿಗೊಳಿಸಿದ್ದು. ಇದನ್ನು ಆಮೇಲೆ ಅಂಕಿಸಂಖ್ಯೆಯ ಸಮೇತ ಎತ್ತಿ ತೋರಿಸಿದವಳೂ ನೈಟಿಂಗೇಲಳೇ. ಅವಳ ಒತ್ತಾಯದಿಂದಲೇ 1859ರಲ್ಲಿ ಭಾರತದ ಸೇನೆಯ ನೈರ್ಮಲ್ಯವನ್ನು ಪರಿಶೀಲಿಸಲು ರಾಯಲ್ ಕಮಿಷನ್ ನೇಮಕವಾಯಿತು. 1863ರ ಅದರ ವರದಿಯ ಪ್ರಕಾರ ಇಲ್ಲಿನ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು. ಹತ್ತು ವರ್ಷಗಳಲ್ಲಿ ಅದು 18ಕ್ಕೆ ಇಳಿಯಿತು. ಹೊಸ ಔಷಧ ಯಾವುದೂ ಬಂದಿರಲಿಲ್ಲ. ಕಂಟೋನ್ಮೆಂಟುಗಳಿಗೆ ಬಂದದ್ದು ಎತ್ತರದ ಬ್ಯಾರಕ್ಕು, ಮುಚ್ಚಿದ ಬಾವಿ, ಇಳಿಜಾರಿನ ಚರಂಡಿ. ಆದರೆ ಇದೇ ಕಾಲದಲ್ಲಿ ಭಾರತೀಯ ಸಿಪಾಯಿಗೆ ಬ್ಯಾರಕ್ಕೇ ಇರಲಿಲ್ಲ ಎಂಬುದನ್ನೂ ಹೇಳಬೇಕು. ಅವನಿಗೆ ಗುಡಿಸಲು ಕಟ್ಟಿಕೊಳ್ಳಲು ಒಂದಿಷ್ಟು ಭತ್ಯೆ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಯಾರ ಸಾವನ್ನು ಎಣಿಸಬೇಕು, ಯಾರದನ್ನು ಬೇಡ ಎಂಬ ತೀರ್ಮಾನವೂ ಆರೋಗ್ಯ ನೀತಿಯ ಭಾಗವೇ.

ಇದಕ್ಕಿಂತ ಹತ್ತಿರದ, ಹೆಚ್ಚು ನೋವಿನ ಸಾಕ್ಷ್ಯ ಮೆಸಪೊಟೇಮಿಯಾದ್ದು. 1915ರ ಡಿಸೆಂಬರ್ 7ರಿಂದ 1916ರ ಏಪ್ರಿಲ್ 29ರವರೆಗೆ ಟೈಗ್ರಿಸ್ ನದಿಯ ತಿರುವಿನಲ್ಲಿರುವ ಕುಟ್ ಪಟ್ಟಣದಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿದ್ದ ದಂಡಿನಲ್ಲಿ ಬಹುಪಾಲು ಭಾರತೀಯರೇ. ಒಂದೇ ಪಟ್ಟಣ, ಒಂದೇ ಮುತ್ತಿಗೆ, ಒಂದೇ ನದಿಯ ನೀರು. ಆದರೂ ಬ್ರಿಟಿಷ್ ಸೈನಿಕರಿಗೆ ಬಂದದ್ದು ಬೆರಿಬೆರಿ, ಭಾರತೀಯರಿಗೆ ಬಂದದ್ದು ಸ್ಕರ್ವಿ. ಕಾರಣ ಊಟದ ತಟ್ಟೆಯಲ್ಲಿತ್ತು. ಬ್ರಿಟಿಷರಿಗೆ ಕೊಡುತ್ತಿದ್ದುದು ತವುಡು ತೆಗೆದ ಬಿಳಿ ಹಿಟ್ಟಿನ ಬ್ರೆಡ್ಡು. ನರಗಳನ್ನು ಕಾಯುವ ಜೀವಸತ್ವ ತವುಡಿನ ಜೊತೆಗೇ ಹೋಗಿರುತ್ತಿತ್ತು. ಸಿಪಾಯಿಗಳಿಗೆ ಸಿಗುತ್ತಿದ್ದುದು ಗೋಧಿಯ ಆಟಾ, ಹಾಗಾಗಿ ಅವರು ಬೆರಿಬೆರಿಯಿಂದ ಪಾರಾದರು. ಆದರೆ ತಾಜಾ ತರಕಾರಿಯಾಗಲಿ ಮಾಂಸವಾಗಲಿ ಇಲ್ಲದೆ ಅವರ ಒಸಡುಗಳು ಊದಿ ರಕ್ತ ಒಸರಿತು, ಹಳೆಯ ಗಾಯಗಳು ಮಾಯಲೇ ಇಲ್ಲ. ಮುತ್ತಿಗೆಯೊಳಗಿದ್ದ ಮುಖ್ಯ ವೈದ್ಯಾಧಿಕಾರಿ ಪ್ಯಾಟ್ರಿಕ್ ಹೆಹಿರ್ ಇದನ್ನೆಲ್ಲ ಕಣ್ಣಾರೆ ಕಂಡು ದಾಖಲಿಸಿದವರು. ಬಿಳಿ ಹಿಟ್ಟು ಮುಗಿದು ಬ್ರಿಟಿಷರೂ ಆಟಾ ತಿನ್ನಬೇಕಾದಾಗ ಅವರ ಬೆರಿಬೆರಿ ಇಳಿಯಿತು. ಉಳಿದಿದ್ದ ಒಂದೇ ತಾಜಾ ಮಾಂಸವೆಂದರೆ ಕುದುರೆಯದು. ಅದನ್ನು ತಿನ್ನಲು ಸಿಪಾಯಿಗಳು ತಿಂಗಳುಗಟ್ಟಲೆ ಒಪ್ಪಲಿಲ್ಲ. ಅಭ್ಯಂತರವಿಲ್ಲವೆಂದು ಭಾರತದಿಂದ ಧರ್ಮಗುರುಗಳ ಒಪ್ಪಿಗೆ ತರಿಸಿ ತೋರಿಸಿದರೂ, ಊರಿಗೆ ಮರಳಿದ ಮೇಲೆ ಕುಲದವರು ಏನೆಂದಾರೋ ಎಂಬ ಅಂಜಿಕೆ ಅವರನ್ನು ಬಿಡಲಿಲ್ಲ. ಸಾವಿರಾರು ಮೈಲಿ ಆಚೆಯ ಊರು ಬಂಕರಿನೊಳಗಿನ ಸೈನಿಕನ ತುತ್ತಿನ ಮೇಲೆ ಕೈಯಿಟ್ಟಿತ್ತು. ಸೈನಿಕನನ್ನು ಊರಿನಿಂದ ಬೇರ್ಪಟ್ಟ ಒಂಟಿ ದೇಹವೆಂದು ಕಾಣುವ ಆರೋಗ್ಯ ವ್ಯವಸ್ಥೆ ಏಕೆ ಸೋಲುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಸಿಕ್ಕಿಲ್ಲ.

ಮುತ್ತಿಗೆಯ ಹೊರಗಿನ ಕಥೆಯೂ ಅಷ್ಟೇ ಘೋರ. ಮುತ್ತಿಗೆ ಬಿಡಿಸಲು ಹೋದ ದಂಡಿನ ಗಾಯಾಳುಗಳನ್ನು ಸಾಗಿಸಲು ಸಾಕಷ್ಟು ಆಸ್ಪತ್ರೆ ದೋಣಿಗಳಿರಲಿಲ್ಲ. ಸಾಮಾನು ಸಾಗಿಸುವ ದೋಣಿಗಳ ಬರಿ ಹಲಗೆಯ ಮೇಲೆ, ನೆರಳಿಲ್ಲದೆ, ಬಟ್ಟೆ ಬದಲಿಸದೆ ದಿನಗಟ್ಟಲೆ ಅವರನ್ನು ಬಸ್ರಾಕ್ಕೆ ಸಾಗಿಸಿದರು. 1917ರಲ್ಲಿ ಹೊರಬಂದ ಮೆಸಪೊಟೇಮಿಯಾ ಆಯೋಗದ ವರದಿ ಇದಕ್ಕೆ ದಾದಿಯರನ್ನಾಗಲಿ ಕೆಳಗಿನ ವೈದ್ಯರನ್ನಾಗಲಿ ಹೊಣೆ ಮಾಡಲಿಲ್ಲ. ಅತಿಯಾದ ಮಿತವ್ಯಯದ ಹೆಸರಿನಲ್ಲಿ ಬೇಡಿಕೆಗಳನ್ನು ಕಡಿದುಹಾಕಿದ ಮೇಲಿನವರತ್ತ ಬೊಟ್ಟು ಮಾಡಿತು. ಭಾರತ ಮಂತ್ರಿಯಾಗಿದ್ದ ಆಸ್ಟೆನ್ ಚೇಂಬರ್ಲೇನ್ ರಾಜೀನಾಮೆ ಕೊಟ್ಟರು. ಯುದ್ಧ ನಡೆಯುತ್ತಿರುವಾಗಲೇ ಗಾಯಾಳುಗಳ ಆರೈಕೆಯ ಲೋಪಕ್ಕೆ ಮಂತ್ರಿಯೊಬ್ಬರು ಕುರ್ಚಿ ಬಿಟ್ಟ ಆ ಪ್ರಸಂಗವನ್ನು ನಮ್ಮ ಪಠ್ಯಪುಸ್ತಕಗಳೂ ಹೇಳಬೇಕು.

ಸ್ವತಂತ್ರ ಭಾರತದ ಅನುಭವಕ್ಕೆ ಬರೋಣ. 1962ರಲ್ಲಿ ಬಯಲುಸೀಮೆಯ ಸೈನಿಕರನ್ನು ದಿನದೊಪ್ಪತ್ತಿನಲ್ಲಿ ಹಿಮಾಲಯದ ಎತ್ತರಕ್ಕೆ ಸಾಗಿಸಬೇಕಾಯಿತು. ಅಲ್ಲಿ ವೈದ್ಯರು ಒಂದು ವಿಚಿತ್ರವನ್ನು ಕಂಡರು. ಗಟ್ಟಿಮುಟ್ಟಾದ ಹುಡುಗ, ಬಂದ ದಿನ ಚೆನ್ನಾಗಿದ್ದಾನೆ, ಎರಡನೆಯ ದಿನ ತಲೆನೋವು, ಊಟ ಸೇರದು, ಆಮೇಲಿನ ರಾತ್ರಿ ಒಣಕೆಮ್ಮು, ಮಲಗಿದರೆ ಉಸಿರು ಕಟ್ಟುತ್ತದೆ, ತುಟಿ ನೀಲಿಗಟ್ಟುತ್ತದೆ, ಬೆಳಗಾಗುವಷ್ಟರಲ್ಲಿ ಬಾಯಲ್ಲಿ ಗುಲಾಬಿ ಬಣ್ಣದ ನೊರೆ. ನ್ಯುಮೋನಿಯಾ ಇರಬಹುದೆಂದು ಔಷಧ ಕೊಟ್ಟರೆ ಉಪಯೋಗವಿಲ್ಲ. ಕೆಳಗಿಳಿಸಿದರೆ ಮಾತ್ರ ಬದುಕುತ್ತಾನೆ. ಇದು ಎತ್ತರದಿಂದ ಶ್ವಾಸಕೋಶದಲ್ಲಿ ನೀರು ತುಂಬುವ ಕಾಯಿಲೆ, ಸೇನೆಯವರ ಬಾಯಲ್ಲಿ ಹೇಪೋ. ಇಂದರ್ ಸಿಂಗ್ ಮತ್ತು ಸಂಗಡಿಗರಾದ ಸೇನಾ ವೈದ್ಯರು 1,925 ಭಾರತೀಯ ಸೈನಿಕರನ್ನು ಅಭ್ಯಸಿಸಿ 1969ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಬರೆದ ಲೇಖನವನ್ನು ಜಗತ್ತಿನ ಪರ್ವತ ವೈದ್ಯಕೀಯ ಇಂದಿಗೂ ಆಧಾರವಾಗಿ ಹಿಡಿಯುತ್ತದೆ. ಇಂಥ ಅನುಭವದಿಂದ ರೂಪುಗೊಂಡ ಮುಖ್ಯ ಔಷಧ ಒಂದು ವೇಳಾಪಟ್ಟಿ. 9,000ದಿಂದ 12,000 ಅಡಿಯ ನಡುವೆ ಆರು ದಿನ, 15,000 ಅಡಿಯವರೆಗೆ ನಾಲ್ಕು ದಿನ, ಅದರಾಚೆಗೆ ಇನ್ನೂ ನಾಲ್ಕು ದಿನ ದೇಹವನ್ನು ಎತ್ತರಕ್ಕೆ ಒಗ್ಗಿಸುವುದು. ಹದಿನಾಲ್ಕು ದಿನಗಳ ಈ ತಾಳ್ಮೆಯನ್ನು ಕಾಪಾಡುವವನು ವೈದ್ಯನಲ್ಲ, ಕಮಾಂಡರು. ಕಾರ್ಯಾಚರಣೆಯ ಒತ್ತಡ ಬಂದಾಗ ಎರಡು ದಿನ ಕಡಿತ ಮಾಡುವ ಆಸೆಯನ್ನು ತಡೆದವನು ಎಷ್ಟು ಜೀವ ಉಳಿಸಿದ ಎಂಬುದು ಯಾವ ದಾಖಲೆಯಲ್ಲಿಯೂ ಸಿಗುವುದಿಲ್ಲ.

ವೇಳಾಪಟ್ಟಿಯಷ್ಟೇ ಮುಖ್ಯವಾದದ್ದು ಬೂಟು, ಕನ್ನಡಕ, ಊಟ. ಎತ್ತರದಲ್ಲಿ ಹಸಿವು ಸಾಯುತ್ತದೆ, ಆದರೆ ಚಳಿಯೊಡನೆ ಹೋರಾಡುವ ದೇಹಕ್ಕೆ ಬೇಕಾಗುವುದು ಬಯಲಿಗಿಂತ ಹೆಚ್ಚು ಶಕ್ತಿ. ಈ ವಿರೋಧವನ್ನು ಬಿಡಿಸಲು 1961ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ದುಡಿಯುತ್ತಿದೆ. ತಿಂಗಳುಗಟ್ಟಲೆ ಕೆಡದ ಚಪಾತಿ, ಬಿಸಿ ಮಾಡಿದರೆ ಸಾಕೆನ್ನುವ ಪೊಟ್ಟಣದ ಪಲಾವು ಮೊದಲಾದವು ನಮ್ಮ ಕನ್ನಡ ನೆಲದ ಕೊಡುಗೆ. ವಿಜ್ಞಾನ ಕೈಯಲ್ಲಿದ್ದರೂ ವ್ಯವಸ್ಥೆ ಕೈಕೊಟ್ಟರೆ ಏನಾಗುತ್ತದೆಂಬುದನ್ನು 2020ರ ಫೆಬ್ರವರಿಯಲ್ಲಿ ಸಂಸತ್ತಿನ ಮುಂದಿಟ್ಟ ಸಿಎಜಿ ವರದಿ ತೋರಿಸಿತು. ಹಿಮಕನ್ನಡಕಗಳ ಕೊರತೆ ಶೇ. 62ರಿಂದ 98ರವರೆಗೆ ಇತ್ತು. 2015ರ ನವೆಂಬರಿನಿಂದ 2016ರ ಸೆಪ್ಟೆಂಬರಿನವರೆಗೆ ಬಹೂಪಯೋಗಿ ಬೂಟುಗಳ ವಿತರಣೆಯೇ ಆಗದೆ ಹಳೆಯವನ್ನು ದುರಸ್ತಿ ಮಾಡಿ ಮತ್ತೆ ಕೊಡಲಾಯಿತು. ಪಡಿತರದಲ್ಲಿ ನಿಗದಿಯಾದ ಪದಾರ್ಥಕ್ಕೆ ಬದಲಿ ಕೊಡುವಾಗ ಶಕ್ತಿಯ ಅಳತೆ ನೋಡದೆ ಬೆಲೆಯ ಅಳತೆ ನೋಡಿದ್ದರಿಂದ ಕೆಲವೆಡೆ ಕ್ಯಾಲೊರಿ ಶೇ. 82ರಷ್ಟು ಕುಸಿದಿತ್ತು. ಇದಕ್ಕೆ ಸೇನೆ ಕೊಟ್ಟ ಉತ್ತರ, ವರದಿ ಹಳೆಯ ಕಾಲದ್ದು, ಈಗ ಪರಿಸ್ಥಿತಿ ಸುಧಾರಿಸಿದೆ ಎಂದು. ಸುಧಾರಿಸಿದ್ದರೆ ಸಂತೋಷ. ಆದರೆ ಆ ಹಳೆಯ ಕಾಲ ಯಾರದೋ ಬದುಕಿನ ಕಾಲವಾಗಿತ್ತು. ಸೋನಂ ಠಾಣೆಯ ಹತ್ತು ಮಂದಿ ಹಿಮದಲ್ಲಿ ನಿಂತಿದ್ದ ಚಳಿಗಾಲ ಅದೇ ಹನ್ನೊಂದು ತಿಂಗಳೊಳಗೆ ಬರುತ್ತದೆ. ಹಿಮಕುಸಿತಕ್ಕೂ ಬೂಟಿಗೂ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ಯಾವ ಬೂಟೂ ಆ ಗೋಡೆಯನ್ನು ತಡೆಯುತ್ತಿರಲಿಲ್ಲ. ಕುಸಿತವನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ, ಬೂಟು ಕೊಡುವುದು ಇದೆ. ಕೈಯಲ್ಲಿರುವುದನ್ನು ಮಾಡದೆ ಕೈಯಲ್ಲಿಲ್ಲದ್ದಕ್ಕೆ ಕಣ್ಣೀರು ಹಾಕುವುದು ಗೌರವವಾಗಲಾರದು.

ದೇಹದಿಂದ ಮನಸ್ಸಿಗೆ ಬಂದರೆ ಪ್ರಶ್ನೆ ಇನ್ನೂ ಜಟಿಲ. 2022ರ ಜುಲೈಯಲ್ಲಿ ಸರ್ಕಾರ ಸಂಸತ್ತಿಗೆ ಕೊಟ್ಟ ಉತ್ತರದ ಪ್ರಕಾರ ಹಿಂದಿನ ಐದು ವರ್ಷಗಳಲ್ಲಿ ಮೂರೂ ಪಡೆಗಳಲ್ಲಿ ಆತ್ಮಹತ್ಯೆ ಮಾಡಿಕೊಂಡವರು 819 ಮಂದಿ; ಅವರಲ್ಲಿ ಭೂಸೇನೆಯವರೇ 642. ಇದಕ್ಕೆ ತಜ್ಞರು ಎತ್ತುವ ಆಕ್ಷೇಪಣೆಯೊಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹನ್ನೆರಡು ಲಕ್ಷದ ಆಸುಪಾಸಿನ ಸೇನೆಯಲ್ಲಿ ವರ್ಷಕ್ಕೆ ಸರಾಸರಿ 128 ಎಂದರೆ ಲಕ್ಷಕ್ಕೆ ಹತ್ತು ಹನ್ನೊಂದು. 2021ರಲ್ಲಿ ದೇಶದ ಸರಾಸರಿಯೇ ಲಕ್ಷಕ್ಕೆ 12 ಇತ್ತು. ಹಾಗಾದರೆ ಸೇನೆಯಲ್ಲಿ ವಿಶೇಷ ಸಮಸ್ಯೆ ಎಲ್ಲಿದೆ ಎಂದು ಅವರು ಕೇಳುತ್ತಾರೆ. ಲೆಕ್ಕ ಸರಿ, ಹೋಲಿಕೆ ತಪ್ಪು. ದೇಶದ ಸರಾಸರಿಯಲ್ಲಿ ದೀರ್ಘ ರೋಗಿಗಳಿದ್ದಾರೆ, ನಿರುದ್ಯೋಗಿಗಳಿದ್ದಾರೆ, ಸಾಲದಲ್ಲಿ ಮುಳುಗಿದ ರೈತರಿದ್ದಾರೆ. ಸೇನೆಯಲ್ಲಿರುವವರು ದೇಹ, ಮನಸ್ಸು ಎರಡನ್ನೂ ಪರೀಕ್ಷಿಸಿ ಆರಿಸಿಕೊಂಡವರು. ತಿಂಗಳ ಸಂಬಳ, ಊಟ, ವಸತಿ, ವೈದ್ಯರು, ಸದಾ ಜೊತೆಗಿರುವ ಸಂಗಡಿಗರು ಎಲ್ಲ ಇರುವವರು. ಇಂಥವರಲ್ಲಿ ಸಂಖ್ಯೆ ದೇಶದ ಸರಾಸರಿಗಿಂತ ಬಹಳ ಕೆಳಗಿರಬೇಕಿತ್ತು. ಅದರ ಹತ್ತಿರಕ್ಕೆ ಬಂದಿದೆಯೆಂದರೆ, ಆಯ್ಕೆಯ ಮೂಲಕ ನಾವು ಪಡೆದ ಆರೋಗ್ಯದ ಒಂದು ದೊಡ್ಡ ಪಾಲನ್ನು ಸೇವೆಯ ಪರಿಸ್ಥಿತಿ ತಿಂದುಹಾಕುತ್ತಿದೆ ಎಂದೇ ಅರ್ಥ.

ಆ ಪರಿಸ್ಥಿತಿಯೆಂದರೆ ಗುಂಡಿನ ಭಯವೊಂದೇ ಅಲ್ಲ. ರಕ್ಷಣಾ ಸಚಿವಾಲಯ ವರ್ಷಗಳಿಂದ ಮತ್ತೆ ಮತ್ತೆ ಹೇಳುತ್ತ ಬಂದಿರುವ ಕಾರಣಗಳಲ್ಲಿ ಮನೆಯ ಕಲಹ, ದಾಂಪತ್ಯದ ಬಿರುಕು, ಆಸ್ತಿಯ ತಕರಾರು ಮುಂದಿನ ಸಾಲಿನಲ್ಲಿವೆ. ಸೈನಿಕನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ ಇದೆ. ಈಗ ಗದಗಿನ ಕಡೆಯ ಒಬ್ಬ ಸಿಪಾಯಿಯನ್ನು ಊಹಿಸಿಕೊಳ್ಳಿ. ಅವನು ಕುಪ್ವಾರಾದಲ್ಲಿದ್ದಾಗ ಪಕ್ಕದ ಹೊಲದವನು ಬದು ಒತ್ತಿದ್ದಾನೆ. ಸರ್ವೆಗೆ ಅರ್ಜಿ ಹಾಕಿದ ವಯಸ್ಸಾದ ತಂದೆಗೆ ನಾಳೆ ಬಾ ಎಂದು ಹೇಳಿ ಕಳಿಸುತ್ತಿದ್ದಾರೆ. ಹಂಗಾಮಿಗೆ ಮೊದಲು ಪೋಡಿ ಆಗದಿದ್ದರೆ ಬಿತ್ತನೆ ತಪ್ಪುತ್ತದೆ. ರಜೆಯಲ್ಲಿ ಬಂದವನು ಅರ್ಧ ದಿನಗಳನ್ನು ತಾಲ್ಲೂಕು ಕಚೇರಿಯ ಕಟ್ಟೆಯ ಮೇಲೆ ಕಳೆದು, ಕೆಲಸವಾಗದೆ, ಹೆಂಡತಿಮಕ್ಕಳ ಮುಖವನ್ನು ಸರಿಯಾಗಿ ನೋಡದೆ ಮರಳುತ್ತಾನೆ. ಆಮೇಲೆ ರಾತ್ರಿಯ ಕಾವಲಿನಲ್ಲಿ, ಕೈಯಲ್ಲಿ ಗುಂಡು ತುಂಬಿದ ರೈಫಲಿನೊಂದಿಗೆ, ಫೋನಿನಲ್ಲಿ ಕೇಳಿದ ಮನೆಯ ಮಾತನ್ನು ತಲೆಯಲ್ಲಿ ತಿರುವಿಹಾಕುತ್ತ ನಿಲ್ಲುತ್ತಾನೆ. ಅವನ ಘಟಕಕ್ಕೆ ಮನೋವೈದ್ಯರನ್ನು ಕಳಿಸಬೇಕು, ನಿಜ. ಆದರೆ ಅವನ ಕಾಯಿಲೆಯ ಬೇರು ಇರುವುದು ತಹಸೀಲ್ದಾರರ ಕಪಾಟಿನ ಒಂದು ಕಡತದಲ್ಲಿ.

ಬ್ರಿಟಿಷರಿಗೂ ಇದು ಗೊತ್ತಿತ್ತು. 1925ರ ಭಾರತೀಯ ಸೈನಿಕರ ದಾವೆಗಳ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಯುದ್ಧ ಮೊದಲಾದ ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವ ಸೈನಿಕ ಕಕ್ಷಿದಾರನಾಗಿರುವ ಸಿವಿಲ್ ಅಥವಾ ಕಂದಾಯ ದಾವೆಯ ವಿಚಾರಣೆಯನ್ನು ಮುಂದೂಡಲು, ಅವನ ಗೈರುಹಾಜರಿಯಲ್ಲಿ ಆದ ತೀರ್ಪನ್ನು ರದ್ದುಪಡಿಸಲು ಅದು ದಾರಿ ಕೊಡುತ್ತದೆ; ಜಿಲ್ಲಾಧಿಕಾರಿಗೆ ಅದರಲ್ಲಿ ಪಾತ್ರವಿದೆ. ಆದರೆ ಮುಂದೂಡಿಕೆಯಿಂದ ಅವನ ಹಕ್ಕು ಉಳಿಯುತ್ತದೆಯೇ ಹೊರತು ಮನಸ್ಸಿಗೆ ನೆಮ್ಮದಿ ಬರುವುದಿಲ್ಲ. ಅವನಿಗೆ ಬೇಕಾದದ್ದು ವ್ಯಾಜ್ಯ ಬೇಗ ಮುಗಿಯುವುದು. ಇದು ಸಾಮಾನ್ಯ ನಾಗರಿಕರನ್ನು ಹಿಂದಕ್ಕೆ ತಳ್ಳಿ ಸೈನಿಕನಿಗೆ ಸವಲತ್ತು ಕೊಟ್ಟಂತಲ್ಲವೇ ಎಂದು ಕೇಳಬಹುದು. ಎಲ್ಲರ ಪೋಡಿಯೂ ಬೇಗ ಆಗಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸಾಮಾನ್ಯ ರೈತ ನಾಳೆಯೂ ಬರಬಲ್ಲ, ನಾಡಿದ್ದೂ ಬರಬಲ್ಲ, ಮೇಲಧಿಕಾರಿಗೆ ದೂರು ಕೊಡಬಲ್ಲ, ನಾಲ್ಕು ಜನರನ್ನು ಸೇರಿಸಿ ಧರಣಿ ಕೂರಬಲ್ಲ. ಸಂಘ ಕಟ್ಟುವ, ಪ್ರತಿಭಟಿಸುವ ಹಕ್ಕನ್ನು ಶಿಸ್ತಿನ ಹೆಸರಿನಲ್ಲಿ ಕಾನೂನು ಸೈನಿಕನಿಂದ ಹಿಂತೆಗೆದುಕೊಂಡಿದೆ. ಹಾಗೆ ಅವನ ಬಾಯಿ ಕಟ್ಟಿದ ರಾಜ್ಯ, ಅವನು ಕೇಳದೆಯೇ ಅವನ ಪರವಾಗಿ ಮಾತನಾಡಬೇಕಾಗುತ್ತದೆ.

ಇನ್ನೊಂದು ಆಕ್ಷೇಪಣೆ ಸೇನೆಯ ಒಳಗಿನಿಂದಲೇ ಬರುವಂಥದು. ಸೈನಿಕ ಕಷ್ಟಸಹಿಷ್ಣುವಾಗಿರಬೇಕು, ಹೆಚ್ಚು ಆರೈಕೆ ಅವನನ್ನು ಮೆತ್ತಗೆ ಮಾಡುತ್ತದೆ ಎಂದು. ಈಗಾಗಲೇ ನೋಡಿದ ಸಾಕ್ಷ್ಯ ಇದಕ್ಕೆ ವಿರುದ್ಧವಾಗಿದೆ. ಕುಟ್‌ನ ಸಿಪಾಯಿಗಳಲ್ಲಿ ಸಹಿಷ್ಣುತೆಗೆ ಕೊರತೆ ಇರಲಿಲ್ಲ, ಇದ್ದದ್ದು ಹಸಿ ತರಕಾರಿಗೆ. ಕಷ್ಟವನ್ನು ತಾಳುವ ತರಬೇತಿ ಬೇರೆ, ತಪ್ಪಿಸಬಹುದಾದ ಕಷ್ಟವನ್ನು ಸೋಮಾರಿತನದಿಂದ ಹೇರುವುದು ಬೇರೆ.

ಸೇವೆ ಮುಗಿದ ಮೇಲಿನ ಪ್ರಶ್ನೆಯಲ್ಲಿ ಹೆಚ್ಚು ಹಣ, ಹೆಚ್ಚು ವಿವಾದ. 2003ರ ಏಪ್ರಿಲಿನಲ್ಲಿ ಆರಂಭವಾದ ಇಸಿಎಚ್‌ಎಸ್ ಯೋಜನೆ ನಿವೃತ್ತ ಸೈನಿಕರಿಗೂ ಅವರ ಕುಟುಂಬಕ್ಕೂ ಚಿಕಿತ್ಸೆಯ ಭದ್ರತೆ ಕೊಟ್ಟಿದೆ. ಬಿಲ್ಲುಗಳ ಪಾವತಿ ತಡವಾದಾಗ ಖಾಸಗಿ ಆಸ್ಪತ್ರೆಗಳು ಹಿಂಜರಿಯುವ ದೂರು ಇದ್ದರೂ ಅದು ದೊಡ್ಡ ಸಾಧನೆಯೇ. ಗಂಟು ಇರುವುದು ಅಂಗವೈಕಲ್ಯ ಪಿಂಚಣಿಯಲ್ಲಿ. ಕಾಯಿಲೆ ಸೇವೆಯಿಂದ ಬಂತೇ, ಇಲ್ಲವೇ? ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಮಾರು ಒಂಬತ್ತು ವರ್ಷ ಸೇವೆ ಸಲ್ಲಿಸಿದ ಸೈನಿಕರೊಬ್ಬರನ್ನು ಮೂರ್ಛೆರೋಗದ ಕಾರಣಕ್ಕೆ ಹೊರಕಳಿಸಿ, ಅದು ದೇಹಪ್ರಕೃತಿಯ ದೋಷವೆಂದು ಪಿಂಚಣಿ ನಿರಾಕರಿಸಲಾಗಿತ್ತು. 2013ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು: ಸೇರುವಾಗ ಪರೀಕ್ಷಿಸಿ ಆರೋಗ್ಯವಂತನೆಂದು ಬರೆದುಕೊಂಡ ಮೇಲೆ, ಆಮೇಲೆ ಬಂದ ಕಾಯಿಲೆ ಸೇವೆಯಿಂದ ಬಂದದ್ದಲ್ಲ ಎಂದು ಸಾಬೀತು ಮಾಡುವ ಭಾರ ಸರ್ಕಾರದ್ದು, ಸೈನಿಕನದಲ್ಲ. ಇದಕ್ಕೆ ಎದುರಾಗಿ, ರಕ್ತದೊತ್ತಡ, ಸಕ್ಕರೆ ಕಾಯಿಲೆಯಂಥ ಜೀವನಶೈಲಿಯ ರೋಗಗಳಿಗೂ ಈ ಪಿಂಚಣಿ ಪಡೆಯುವ ದುರುಪಯೋಗ ನಡೆಯುತ್ತಿದೆ ಎಂಬ ವಾದವಿದೆ. ಸಿಎಜಿ ಕೂಡ ನಿವೃತ್ತರಾಗುವ ಅಧಿಕಾರಿಗಳಲ್ಲಿ ಶೇ. 36ರಿಂದ 40ರಷ್ಟು ಮಂದಿ, ಕೆಳದರ್ಜೆಯ ಸೈನಿಕರಲ್ಲಿ ಶೇ. 15ರಿಂದ 18ರಷ್ಟು ಮಂದಿ ಅಂಗವೈಕಲ್ಯ ಪಿಂಚಣಿ ಪಡೆಯುತ್ತಿದ್ದಾರೆಂದು ಎತ್ತಿ ತೋರಿಸಿತು. 2023ರ ಹೊಸ ನಿಯಮಗಳು ಈ ಹಿನ್ನೆಲೆಯಲ್ಲೇ ಬಿಗಿಯಾದವು. ಆದರೆ ಈ ಅಂಕಿಗಳನ್ನೇ ಮತ್ತೊಮ್ಮೆ ನೋಡಿ. ಬಂಕರಿನಲ್ಲಿ ಹೆಚ್ಚು ವರ್ಷ ಕಳೆಯುವವನು ಸಿಪಾಯಿ. ಪಿಂಚಣಿ ಹೆಚ್ಚು ಪ್ರಮಾಣದಲ್ಲಿ ಸಿಗುತ್ತಿರುವುದು ಅಧಿಕಾರಿಗೆ. ಅಧಿಕಾರಿಗಳು ವಯಸ್ಸಾದ ಮೇಲೆ ನಿವೃತ್ತರಾಗುತ್ತಾರೆ ಎಂಬುದು ಇದಕ್ಕೆ ಒಂದಂಶ ಕಾರಣವಿರಬಹುದು. ಅರ್ಜಿ ಬರೆಯುವ, ಮೇಲ್ಮನವಿ ಹಾಕುವ ತಿಳಿವಳಿಕೆ ಅವರಿಗೇ ಹೆಚ್ಚು ಎಂಬುದೂ ಕಾರಣವಿರಬಹುದು. ದುರುಪಯೋಗವನ್ನು ಒಂದೊಂದು ಪ್ರಕರಣವಾಗಿ ಹಿಡಿಯಬೇಕು. ಎಲ್ಲರ ಬಾಗಿಲು ಬಿಗಿ ಮಾಡಿದರೆ ಸಂದಿಯಲ್ಲಿ ಸಿಕ್ಕಿಕೊಳ್ಳುವವನು ಅರ್ಜಿ ಬರೆಯಲು ಬಾರದ ಸಿಪಾಯಿ.

ಈ ಮಾತು ಈಗ ಇನ್ನಷ್ಟು ತುರ್ತಾಗಿದೆ. 2022ರ ಅಗ್ನಿಪಥ ಯೋಜನೆಯಡಿ ಸೇರಿದವರಲ್ಲಿ ಗರಿಷ್ಠ ನಾಲ್ಕರಲ್ಲೊಂದು ಪಾಲು ಮಾತ್ರ ಕಾಯಂ ಆಗುತ್ತಾರೆ. ಉಳಿದವರು ನಾಲ್ಕು ವರ್ಷದ ನಂತರ ಪಿಂಚಣಿಯಿಲ್ಲದೆ, ಇಸಿಎಚ್‌ಎಸ್ ಇಲ್ಲದೆ, ಸೇವಾನಿಧಿಯ ಹಣದೊಂದಿಗೆ ಊರಿಗೆ ಬರುತ್ತಾರೆ. ಚಳಿ ಕಡಿದ ಬೆರಳು, ಫಿರಂಗಿಯ ಸದ್ದಿಗೆ ಮಂದವಾದ ಕಿವಿ, ನಿದ್ದೆಗೆಡಿಸುವ ನೆನಪು ಇವು ನಾಲ್ಕು ವರ್ಷದ ಗಡುವು ನೋಡಿ ಕಾಣಿಸಿಕೊಳ್ಳುವುದಿಲ್ಲ. ಐದನೆಯ, ಹತ್ತನೆಯ ವರ್ಷದಲ್ಲಿ ಬರಬಹುದು. ಅವರು ಹೊರಬರುವ ದಿನ ಕಿವಿ, ಕಣ್ಣು, ಶ್ವಾಸಕೋಶ, ಮನಸ್ಸು ಎಲ್ಲವನ್ನೂ ಪರೀಕ್ಷಿಸಿ, ಎಲ್ಲೆಲ್ಲಿ ಎಷ್ಟು ಎತ್ತರದಲ್ಲಿ ಸೇವೆ ಸಲ್ಲಿಸಿದರೆಂದು ಬರೆದು, ಆ ದಾಖಲೆಯ ಪ್ರತಿಯನ್ನು ಅವರ ಕೈಗೇ ಕೊಡಬೇಕು. ಇದಕ್ಕೆ ಹೆಚ್ಚು ಖರ್ಚಿಲ್ಲ. ಮುಂದೆ ನ್ಯಾಯ ಕೇಳುವಾಗ ಅವರ ಬಳಿ ಇರುವ ಸಾಕ್ಷ್ಯ ಅದೊಂದೇ.

ಕರ್ನಾಟಕ ಸರ್ಕಾರಕ್ಕೆ ಮತ್ತು ಈ ಸಭೆಯಲ್ಲಿರುವ ಕಂದಾಯ, ಪೊಲೀಸ್, ನ್ಯಾಯಾಂಗ ಇಲಾಖೆಗಳ ಹಿರಿಯರಿಗೆ ನನ್ನ ವಿನಂತಿ ಇದು. ಸೇವೆಯಲ್ಲಿರುವ ಸೈನಿಕನ ಕಮಾಂಡಿಂಗ್ ಅಧಿಕಾರಿಯಿಂದ ಬಂದ ಪತ್ರಕ್ಕೆ ಪ್ರತಿ ತಾಲ್ಲೂಕು ಕಚೇರಿಯಲ್ಲಿ ಪ್ರತ್ಯೇಕ ವಹಿ ಇರಲಿ, ಮೂವತ್ತು ದಿನಗಳಲ್ಲಿ ಲಿಖಿತ ಉತ್ತರ ಹೋಗಲಿ, ಉತ್ತರ ಹೋಗದ ಪತ್ರಗಳ ಪಟ್ಟಿ ಪ್ರತಿ ತಿಂಗಳು ಜಿಲ್ಲಾಧಿಕಾರಿಯ ಮೇಜಿಗೆ ಬರಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಹೊಸ ಹುದ್ದೆ ಬೇಕಿಲ್ಲ; ಒಂದು ಸುತ್ತೋಲೆ ಸಾಕು. ದಯವಿಟ್ಟು ಅದನ್ನು ಈ ವರ್ಷವೇ ಹೊರಡಿಸಿ.